ಕೈಯಲ್ಲಿ ಒಂದು

ಫೆಬ್ರವರಿಯ ವಿನ್ನಿಪೆಗ್. ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಋಣಸಂಖ್ಯೆಯನ್ನು ಹೋಮ್ಸ್‌ನ ಕರಿಹಲಗೆಯ ಮೇಲೆ
ಹನ್ನೊಂದು ವರ್ಷ ಕಲಿಸಿದವಳು ನಾನು.
ಮೂಗಿನ ತುದಿಯಲ್ಲಿ ಅದನ್ನು ಕಲಿತದ್ದು ಇಲ್ಲಿ.

ಎಲಿಸ್ ಅವೆನ್ಯೂದಲ್ಲಿ ಬಸ್ಸಿಳಿದು
ಬೂಟಿನ ಹಿಮ ಕೊಡವಿ
ಮಗಳ ಶಾಲೆಯಲ್ಲಿ ಕೂತಿದ್ದೇನೆ.
ಬೇಕರಿಯ ತಟ್ಟೆ ತೊಳೆದ ಕೈಗೆ
ಇನ್ನೂ ಸೋಡಾದ ವಾಸನೆ; ಮಡಿಲಲ್ಲಿ ಮುಚ್ಚಿಟ್ಟಿದ್ದೇನೆ.

ಮಿಸ್ ಥೊರ್ಲಾಕ್ಸನ್ ಒಳ್ಳೆಯ ಹೆಂಗಸು.
ನಿಧಾನವಾಗಿ ಮಾತಾಡುತ್ತಾಳೆ,
ಕಿವಿ ಕೇಳದವರಿಗೆ ಹೇಳುವಂತೆ ತುಸು ಜೋರಾಗಿ.
ಹಾಳೆಯ ಮೇಲೆ ಮೂರು ಪೆಟ್ಟಿಗೆ, ನಡುವೆ ಬಾಣಗಳು:
ಎಸೆನ್ಷಿಯಲ್. ಅಪ್ಲೈಡ್. ಪ್ರೀ-ಕ್ಯಾಲ್ಕುಲಸ್.

ಗಣಿತ ಒಂದೇ ಅಂದುಕೊಂಡಿದ್ದೆ.
ಇಲ್ಲಿ ಅದು ಪಾಲಾಗಿ ಮೂರು ಒಲೆ ಹೂಡಿದೆ.
ಹನ್ನೊಂದನೇ ಗ್ರೇಡಿಗೆ ಒಂದನ್ನು ಆರಿಸಬೇಕು,
ಆರಿಸಿದ ಮೇಲೆ ಕಾಲೇಜಿನ ಕೆಲವು ಬಾಗಿಲು ತೆರೆದಿರುತ್ತವೆ,
ಕೆಲವು ಸದ್ದಿಲ್ಲದೆ ಮುಚ್ಚಿಕೊಳ್ಳುತ್ತವೆ.
ವಿಚಿತ್ರವೆಂದರೆ
'ಅಗತ್ಯ' ಎಂದು ಹೆಸರಿಟ್ಟದ್ದೇ
ಹೆಚ್ಚು ಬಾಗಿಲು ಮುಚ್ಚುವುದು.
ಮೂರನೆಯದರ ಹೆಸರು ಮಾತ್ರ ಹೊಸ್ತಿಲಿನದು:
ಯಾವುದಕ್ಕೋ ಮುಂಚಿನದು,
ಇನ್ನೂ ಬಾರದ್ದರ ನೆರಳು.

ಲುಜೈನ್ ನಡುವೆ ಕೂತು
ಅತ್ತಿಂದಿತ್ತ ಮಾತು ದಾಟಿಸುತ್ತಾಳೆ.
ಆಕೆ ನಾಲ್ಕು ವಾಕ್ಯ ಹೇಳಿದರೆ
ನನ್ನನ್ನು ತಲುಪುವುದು ಒಂದು.
ಉಳಿದ ಮೂರು ಎಲ್ಲಿ, ಮಗಳೇ?
ಶೇಷ ಬರೆಯದ ಭಾಗಾಕಾರಕ್ಕೆ
ನಾನು ಅರ್ಧ ಅಂಕ ಕಳೆಯುತ್ತಿದ್ದೆ.

ಮಾರ್ಕ್ಸ್ ಕಾರ್ಡಿನ ಮೇಲೆ ಆಕೆಯ ಬೆರಳು ನಿಂತಿದೆ.
ಮೆರ್ಸಿನ್, ಆರನೇ ತರಗತಿ: ಮೊಹರಿದೆ.
ಏಳು, ಎಂಟು: ಖಾಲಿ.

ಖಾಲಿಯಲ್ಲ.
ನಿಂಬೆಹಣ್ಣಿನ ಗೋದಾಮು ಅದು.
ಪೆಟ್ಟಿಗೆಯ ಹಲಗೆಯ ಮೇಲೆ ಇದ್ದಿಲಲ್ಲಿ
ನಾನು ವರ್ಗಸಮೀಕರಣ ಬರೆಯುತ್ತಿದ್ದೆ,
ನಾನು ಕಲಿತ ಹಾಗೆ, ಬಲದಿಂದ ಎಡಕ್ಕೆ.
ಅಜ್ಞಾತಕ್ಕೆ ಮೂರು ಹಲ್ಲಿನ ಒಂದು ಅಕ್ಷರ.
ನಮ್ಮ ಐದು ಇಲ್ಲಿಯ ಸೊನ್ನೆಯಂತಿರುತ್ತದೆ,
ನಮ್ಮ ಸೊನ್ನೆ ಬರೀ ಚುಕ್ಕೆ,
ಇಲ್ಲಿ ಮಾತು ಮುಗಿದರೆ ಇಡುವಂಥದು.
ಅವಳು ಎರಡನ್ನೂ ಕಲಿತಳು, ನಿಂಬೆ ಎಣಿಸುತ್ತ.
ಹಲಗೆಗಳು ಹಣ್ಣು ಹೊತ್ತು ಹಡಗು ಹತ್ತಿದವು.
ಆ ಎರಡು ವರ್ಷ
ಆಟಕ್ಕುಂಟು, ಲೆಕ್ಕಕ್ಕಿಲ್ಲ.

'ಎಸೆನ್ಷಿಯಲ್ ಸಾಕಂತೆ, ಅಮ್ಮ.'

ಆದರೆ ಆಕೆಯ ಪೆನ್ಸಿಲು
ಮೂರನೆಯ ಪೆಟ್ಟಿಗೆಯ ಸುತ್ತ ಸುತ್ತುತ್ತಿದೆಯಲ್ಲ?
ನನಗೆ ಇಂಗ್ಲಿಷ್ ಬಾರದು. ವೃತ್ತ ಗೊತ್ತು.

ಹಾಳೆ ತಿರುಗಿಸಿದೆ.
ಹಿಂದೆ ಲುಜೈನಳ ಚಿಕ್ಕ ಅಕ್ಷರ:
ಗಂಟೆಗೆ ಹದಿಮೂರು ಡಾಲರು, ವಾರಕ್ಕೆ ಹದಿನೆಂಟು ಗಂಟೆ,
ಇನ್ನೂರ ಮೂವತ್ತನಾಲ್ಕು.
ಅದರ ನಾಲ್ಕರಷ್ಟು, ಒಂಬೈನೂರ ಮೂವತ್ತಾರು.
ಕೆಳಗೆ, ಅಡಿಗೆರೆ ಎಳೆದು: ಬಾಡಿಗೆ.

ಟೀಚರು ಮೊದಲು ತಾಳೆ ನೋಡಿದಳು,
ತಾಯಿ ಆಮೇಲೆ ಓದಿದಳು.
ತಪ್ಪಿಲ್ಲ.
ನಾನೇ ಕಲಿಸಿದ ಹಾಗೆ
ನಾಲ್ಕು ನಾಲ್ಕಲೆ ಹದಿನಾರು, ಆರು ಬರೆದು
ಕೈಯಲ್ಲಿ ಉಳಿದ ಒಂದನ್ನು
ಮುಂದಿನ ಅಂಕಿಯ ಹೆಗಲ ಮೇಲೆ ಕೂರಿಸಿದ್ದಾಳೆ,
ಕಾಣಿಸಿಯೂ ಕಾಣದಷ್ಟು ಪುಟ್ಟದಾಗಿ.

ಮೂರನೆಯ ಪೆಟ್ಟಿಗೆಯ ಮೇಲೆ ಬೆರಳಿಟ್ಟೆ.
ಬಿಚ್ಚಿದ ಕೈ, ಬಿರಿದ ಉಗುರು, ಇರಲಿ.
'ದಿಸ್' ಎಂದೆ.
ಮಿಸ್ ಥೊರ್ಲಾಕ್ಸನ್ ಏನೋ ಕೇಳಿದಳು.
ಲುಜೈನ್ ದಾಟಿಸಲಿಲ್ಲ.
ಕೊನೆಗೆ ಪೆನ್ಸಿಲಿನಲ್ಲಿ ಒಂದು ಗುರುತು,
ಜೂನ್‌ನಲ್ಲಿ ಒಂದು ಪರೀಕ್ಷೆ, ಆಮೇಲೆ ನೋಡೋಣ.
ಪೆನ್ನಿನಲ್ಲಿ ಯಾರೂ ಏನೂ ಬರೆಯಲಿಲ್ಲ.

ಬಸ್ ಸ್ಟಾಪಿನಲ್ಲಿ ಅವಳು ಟರ್ಕಿಷ್‌ನಲ್ಲಿ ಸಿಡುಕಿದಳು,
ಸಿಟ್ಟು ಬಂದರೆ ಅವಳಿಗೆ ಆ ಭಾಷೆಯೇ ಬೇಕು:
ಒಂಬೈನೂರ ಮೂವತ್ತಾರು ಎಲ್ಲಿಂದ ತರುತ್ತೀ?
ನನ್ನಲ್ಲಿ ಉತ್ತರವಿರಲಿಲ್ಲ.
ಅವಳಪ್ಪ ರಾತ್ರಿಪಾಳಿಯಲ್ಲಿ ಬಸ್ಸು ಕಟ್ಟುತ್ತಾನೆ,
ನಾವು ಹತ್ತಿದ್ದು ಅವನು ತಿರುಪು ಬಿಗಿದದ್ದೇ ಇರಬಹುದು.

ಕಿಟಕಿಗೆ ಒಳಗಿನಿಂದ ಹಿಮ ಕಟ್ಟಿತ್ತು.
ಅವಳು ಬೆರಳಲ್ಲಿ ಏನೋ ಗೀಚಿ
ಅಂಗೈಯಿಂದ ಒರೆಸಿದಳು.
ಎಡದಿಂದ ಹೊರಟಿತೋ, ಬಲದಿಂದಲೋ,
ಲೆಕ್ಕವೋ, ಬೈಗುಳವೋ,
ನಾನು ನೋಡುವಷ್ಟರಲ್ಲಿ ನೀರು.